ಮೂರನೇ ಕೂಗು ಇನ್ನೂ ಆಗಿರಲಿಲ್ಲ

ರಾಯಚೂರಿನ ತರಕಾರಿ ಮಾರುಕಟ್ಟೆಗೆ ದೊಡ್ಡ ಗೇಟಿನಿಂದ ಬಂದರೆ ಎಡಗಡೆ ಸಿಗುವ ಎರಡನೇ ಸಿಮೆಂಟ್ ಕಟ್ಟೆಯ ಮೇಲೆ ನಾನು ನಿಂತಿದ್ದೆ. ಶ್ರಾವಣದ ಕೊನೆಯ ಸೋಮವಾರ, ಬೆಳಗಿನ ಆರು ಗಂಟೆ ದಾಟಿತ್ತು. ನನ್ನ ಕಾಲ ಹತ್ತಿರ ಮಲ್ಲಟದ ರೈತನೊಬ್ಬನ ಬದನೆಕಾಯಿ ರಾಶಿ ಇತ್ತು. ಕಟ್ಟೆಯ ಕೆಳಗೆ, ನನ್ನ ಎದುರಿಗೆ ನೇರವಾಗಿ, ಮಹಿಬೂಬ್ ನಿಂತಿದ್ದ. ಇಷ್ಟನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ಆಮೇಲೆ ಇದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು. ಕೂಗುತ್ತ ಕೂಗುತ್ತ ನಾನು ಕಟ್ಟೆಯಿಂದ ಬಿದ್ದೆ ಎಂದರು. ಬಾಯಿಂದ ರಕ್ತ ಬಂತು ಎಂದರು. ಅಂಥದ್ದೇನೂ ಆಗಲಿಲ್ಲ. ನಾನು ನೀರು ಕುಡಿದೆ, ಮಹಿಬೂಬ್ ನೋಡಿದ. ಅಷ್ಟೇ ಆದದ್ದು.

ನನ್ನ ಕೆಲಸ ಹರಾಜು ಕೂಗುವುದು. ಮಾನ್ವಿ, ದೇವದುರ್ಗದ ಕಡೆಯಿಂದ ಬೆಳಗಿನ ಹೊತ್ತಿಗೆ ಮಾಲು ಬರುತ್ತದೆ. ದಲಾಲಿ ಅಂಗಡಿಯ ಮುಂದೆ ರಾಶಿ ಹಾಕುತ್ತಾರೆ. ನಾನು ಕಟ್ಟೆ ಹತ್ತಿ ಬೆಲೆ ಕೂಗುತ್ತೇನೆ. ಇನ್ನು ಏರುವುದಿಲ್ಲ ಎನ್ನುವಲ್ಲಿಗೆ ಬಂದ ಬೆಲೆಯನ್ನು ಮೂರು ಸಲ ಕೂಗಬೇಕು. ಮೊದಲ ಕೂಗಿಗೂ ಎರಡನೇ ಕೂಗಿಗೂ ಮಾಲು ಇನ್ನೂ ರೈತನದೇ. ಬೆಲೆ ಒಪ್ಪಿಗೆಯಾಗದಿದ್ದರೆ ಅವನು ಹೆಗಲ ಮೇಲಿನ ಟವೆಲ್ ತೆಗೆದು ರಾಶಿಯ ಮೇಲೆ ಹಾಕುತ್ತಾನೆ. ಟವೆಲ್ ಬಿತ್ತೆಂದರೆ ನಾನು ಬಾಯಿ ಮುಚ್ಚಬೇಕು. ಯಾಕೆ ಎಂದು ಯಾರೂ ಅವನನ್ನು ಕೇಳುವ ಹಾಗಿಲ್ಲ. ಮೂರನೇ ಕೂಗು ಬಿದ್ದ ಮೇಲೆ ಮಾತ್ರ ಮಾಲು ಅವನ ಕೈಬಿಟ್ಟ ಲೆಕ್ಕ. ಆ ಕೂಗು ಕಡೆಯ ಸಾಲಿನವನಿಗೂ ಕೇಳಬೇಕು, ನಡುವೆ ಒಡೆಯಬಾರದು. ನನ್ನದು ಒಡೆಯುತ್ತಿರಲಿಲ್ಲ. ನನ್ನ ಹೆಸರು ಅಮರೇಶ, ಆದರೆ ಮಾರುಕಟ್ಟೆಯಲ್ಲಿ ನನ್ನನ್ನು ಹೆಸರಿಗಿಂತ ದನಿಯಿಂದಲೇ ಗುರುತಿಸುತ್ತಾರೆ.

ಮಹಿಬೂಬ್ ತಳ್ಳುಗಾಡಿಯಲ್ಲಿ ತರಕಾರಿ ಮಾರುವವನು. ವರ್ಷಗಳಿಂದ ಅವನ ಜಾಗ ನನ್ನ ಕಾಲ ಬುಡದಲ್ಲೇ. ಆ ದಿನ ನಾನು ಬಾಟಲಿ ಎತ್ತಿ ನೀರು ಕುಡಿದು ಕೆಳಗಿಡುವಷ್ಟರಲ್ಲಿ ಅವನು ಕೈ ಎತ್ತಿದ. ಬೆಲೆ ಏರಿಸುತ್ತಾನೆ ಎಂದುಕೊಂಡೆ.

"ಅಮರೇಶಣ್ಣ, ಇನ್ನೊಮ್ಮಿ ಕುಡಿ."

"ಯಾಕಲೇ? ನಿನಗೇನು ಬಂತು?"

"ಕುಡಿ ಅಂದ್ರ ಕುಡಿ. ನಿನ್ನ ಗಂಟಲದಾಗ ಅಡಕಿ ಹೋಳಿನಂಥದ್ದು ಮ್ಯಾಲ ಕೆಳಗ ಓಡಾಡಾಕತ್ತದ."

ಕುಡಿದೆ. ಅವನು ತಲೆ ಓರೆ ಮಾಡಿ ನೋಡಿದ. ಅವನ ಪಕ್ಕದಲ್ಲಿದ್ದವರೂ ನೋಡಿದರು. ನನ್ನ ಹೆಂಡತಿ ಶರಣಮ್ಮ ನನ್ನ ಮುಖವನ್ನು ಎದುರಿನಿಂದ ನೋಡುತ್ತಾಳೆ, ಕನ್ನಡಿಯೂ ಎದುರಿನಿಂದಲೇ ತೋರಿಸುತ್ತದೆ. ನನ್ನ ಗಂಟಲನ್ನು ದಿನವೂ ಕೆಳಗಿನಿಂದ ನೋಡುವವನು ಮಹಿಬೂಬ್ ಒಬ್ಬನೇ. ನಾನು ಕೈ ಇಟ್ಟು ನೋಡಿಕೊಂಡೆ. ಬಲಗಡೆ, ಕೊರಳ ಗುಳಿಗಿಂತ ತುಸು ಮೇಲೆ, ಬೆರಳಿಗೆ ಏನೋ ಸಿಕ್ಕಿತು. ನುಂಗಿದರೆ ಅದು ಬೆರಳಿನಿಂದ ಜಾರಿ ಮೇಲೆ ಹೋಗಿ ಮತ್ತೆ ಬಂದು ಕೂರುತ್ತಿತ್ತು. ನೋವಿರಲಿಲ್ಲ. ಬದನೆಕಾಯಿಯ ಮೂರನೇ ಕೂಗು ಕೂಗಿ ಮುಗಿಸಿಯೇ ಕೆಳಗಿಳಿದೆ. ಆ ಕೂಗು ಒಡೆಯಲಿಲ್ಲ ಎಂಬುದನ್ನೂ ಬರೆದಿಡುತ್ತೇನೆ.

ರಾಯಚೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಥೈರಾಯ್ಡ್ ಗ್ರಂಥಿಯ ಬಲಭಾಗದಲ್ಲಿ ಒಂದು ಗಂಟು. ರಕ್ತದಲ್ಲಿ ಎಲ್ಲ ಸರಿ ಇತ್ತು. ಸೂಜಿ ಚುಚ್ಚಿ ಗಂಟಿನೊಳಗಿನದನ್ನು ತುಸು ತೆಗೆದು ಗಾಜಿನ ಮೇಲೆ ಹಚ್ಚಿ ನೋಡಬೇಕೆಂದರು. ಸೂಜಿಗಿಂತ ಸೂಜಿಯ ಹೊತ್ತಿಗೆ ನುಂಗಬೇಡಿ ಎಂದದ್ದೇ ಕಷ್ಟವಾಯಿತು. ನುಂಗಬೇಡ ಎಂದರೆ ಬಾಯಿ ತುಂಬ ನೀರು. ನರ್ಸ್ ನನ್ನ ಹಣೆಯ ಮೇಲೆ ಅಂಗೈ ಇಟ್ಟು, "ಆತ್ರಿ, ಆಗೇ ಹೋತ್ರಿ" ಎನ್ನುತ್ತಲೇ ಇದ್ದಳು. ಆ ಅಂಗೈ ತಣ್ಣಗಿತ್ತು. ಅದನ್ನು ನಾನು ಮರೆತಿಲ್ಲ.

ಫಲಿತಾಂಶಕ್ಕೆ ಕಾಯುವ ಕೋಣೆಯಲ್ಲಿ ದನಿ ಆರಿಸಿದ ಟಿವಿ ಇತ್ತು. ಅದರಲ್ಲಿ ಒಬ್ಬಳು ಅಡುಗೆ ಮಾಡಿ ತೋರಿಸುತ್ತಿದ್ದಳು. ತುಟಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಾನು ಅದನ್ನು ನೋಡಲಾರದೆ ಎದ್ದು ಬಾಗಿಲಿಗೆ ಹೋಗಿ ನಿಂತೆ.

ಸರ್ಜನ್ ವಯಸ್ಸಾದವರು. ಅಳೆದು ಮಾತಾಡುವವರು. "ನೋಡ್ರಿ, ಕೆಟ್ಟ ಗಂಟು ಅಂತ ಹೇಳಾಕ ಬರಂಗಿಲ್ಲ. ಒಳ್ಳೇದು ಅಂತನೂ ಹೇಳಾಕ ಬರಂಗಿಲ್ಲ. ನಡುವ ಅದ" ಎಂದರು. ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿದರು. ಮತ್ತೆ ಅದೇ ಉತ್ತರ.

ಶರಣಮ್ಮನಿಗೆ ತಡೆಯಲಾಗಲಿಲ್ಲ. "ಎರಡ ಸಲ ಚುಚ್ಚಿ ಎರಡ ಸಲನೂ ಗೊತ್ತಿಲ್ಲ ಅಂದ್ರ ಹೆಂಗ್ರಿ ಡಾಕ್ಟರ?"

"ಗೊತ್ತಿಲ್ಲದ್ದನ್ನ ಗೊತ್ತದ ಅಂತ ಹೇಳಲೇನವ್ವಾ?" ಎಂದರು ಅವರು. ನನಗೆ ಆ ಡಾಕ್ಟರ ಮೇಲೆ ನಂಬಿಕೆ ಬಂದದ್ದು ಆ ಮಾತಿನಿಂದ.

ಗ್ರಂಥಿಯ ಬಲ ಅರ್ಧ ತೆಗೆದು ನೋಡುವುದು ಒಂದು ದಾರಿ ಎಂದರು. ತೆಗೆದ ಮೇಲೆ ಒಳ್ಳೆಯದೆಂದು ತಿಳಿಯಬಹುದು, ಆಗ ತೆಗೆದದ್ದು ಬೇಡವಾಗಿತ್ತು ಎಂದಾಗುತ್ತದೆ. ದನಿಯ ನರ ಆ ಗ್ರಂಥಿಯ ಬೆನ್ನಿಗೇ ಹಾದು ಹೋಗುತ್ತದೆ. ಬಹಳ ಜನರಿಗೆ ಏನೂ ಆಗುವುದಿಲ್ಲ, ಕೆಲವರ ದನಿ ಕೆಲಕಾಲ ಬೀಳುತ್ತದೆ, ಅಪರೂಪಕ್ಕೆ ಎದ್ದುಬರುವುದೇ ಇಲ್ಲ. ಇಷ್ಟು ಹೇಳಿ, "ಕೆಲಸ ಏನು ಮಾಡ್ತೀರಿ?" ಎಂದು ಕೇಳಿದರು.

"ಕೂಗೋದ್ರಿ" ಎಂದೆ.

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಇನ್ನೊಂದು ಪರೀಕ್ಷೆಯ ಮಾತು ತೆಗೆದರು. ಸೂಜಿಗೆ ಬಂದ ಜೀವಕೋಶಗಳ ಒಳಗಿನ ವಂಶವಾಹಿಗಳನ್ನು ಓದುವ ಪರೀಕ್ಷೆ. ಕೆಟ್ಟ ಗಂಟುಗಳಲ್ಲಿ ಕಾಣುವ ಬದಲಾವಣೆ ನಿಮ್ಮದರಲ್ಲಿ ಇದೆಯೇ ಇಲ್ಲವೇ ನೋಡುತ್ತಾರೆ. ಅದು ಇಲ್ಲಿ ಆಗುವುದಿಲ್ಲ, ಹೈದರಾಬಾದಿಗೆ ಹೋಗಬೇಕು. "ಅದೂ ಹಣೆಬರಹ ಓದಿದಂಗ ಓದಂಗಿಲ್ಲ ಮತ್ತ. ಯಾವ ಕಡಿ ಹೆಚ್ಚು ವಾಲ್ಯದ ಅಂತ ಹೇಳ್ತದ. ಸ್ವಲ್ಪ ದಿನ ಕಾಯ್ದರ ನಿಮಗ ಏನೂ ಆಗಂಗಿಲ್ಲ. ಆದ್ರ ಮರತು ಮಾತ್ರ ಕೂಡಬ್ಯಾಡ್ರಿ."

ಆ ಭಾನುವಾರ ಮಾನ್ವಿಯಿಂದ, ಮನೆಗೆ ಬಾ ಎಂದು ಅಣ್ಣನ ಕರೆ ಬಂತು. ನನ್ನ ಅಣ್ಣ ವೀರೇಶನದು ಅಲ್ಲಿ ಗೊಬ್ಬರದ ಅಂಗಡಿ. ನಮ್ಮ ಅಪ್ಪ ಗಂಟಲ ಕ್ಯಾನ್ಸರಿನಿಂದ ಹೋದವರು. ತಂಬಾಕಿನ ಗಂಟಲು ಅದು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ತಡವಾಗಿತ್ತು. ಅಣ್ಣ ಅದನ್ನು ಇಷ್ಟು ವರ್ಷ ಎದೆಯ ಮೇಲೆ ಹೊತ್ತಿದ್ದಾನೆ ಎಂದು ನನಗೆ ಅಂದೇ ತಿಳಿದದ್ದು.

"ಲೇ ಅಮರ್ಯಾ, ಗಂಟಲ ಅಂದ್ರ ಗಂಟಲ. ಅಪ್ಪಗ ಏನಾತು? ನೋಡಾಮು, ನೋಡಾಮು ಅಂತ ಕುಂತ್ವಿ. ನೋಡಿದ್ವಿ."

"ಅಪ್ಪಂದು ಬ್ಯಾರೆ ಅಣ್ಣಾ."

"ಬ್ಯಾರೆ ಅಂತ ಯಾರು ಹೇಳ್ಯಾರ ನಿನಗ? ಡಾಕ್ಟರಿಗೇ ಗೊತ್ತಿಲ್ಲಂತ. ಅರ್ಧ ಯಾಕ, ಪೂರಾ ಕಿತ್ತು ಒಗಸು. ದನಿ ಹೋದ್ರ ಹೋಗ್ಲಿ. ನನ್ನ ಅಂಗಡ್ಯಾಗ ಬಂದು ಕೂಡು. ಗೊಬ್ಬರ ಮಾರಾಕ ಕೂಗೋದು ಬ್ಯಾಡ."

ಅತ್ತಿಗೆ ತಂದಿಟ್ಟ ಚಹಾ ಆರುತ್ತಿತ್ತು. ಅಣ್ಣ ಅದನ್ನು ಮುಟ್ಟಲಿಲ್ಲ, ಸಿಟ್ಟು ಎಂದು ನಾನು ತಿಳಿದೆ. ಸಿಟ್ಟಲ್ಲ, ಅಂಜಿಕೆ. ನನಗೂ ಅಂಜಿಕೆ ಇತ್ತು. ಆದರೆ ನನ್ನ ಗಂಟಲನ್ನು ಮುಂದಿಟ್ಟುಕೊಂಡು ಇಡೀ ಮನೆ ಬೆಲೆ ಕಟ್ಟುತ್ತಿರುವಾಗ, ಮಾಲಿನ ಯಜಮಾನ ಯಾರು ಎಂಬುದನ್ನೇ ಮರೆತ ಹಾಗಿತ್ತು. ನಾನು ಹೆಗಲ ಮೇಲಿದ್ದ ಟವೆಲ್ ತೆಗೆದು ಕೊರಳಿಗೆ ಸುತ್ತಿಕೊಂಡೆ.

"ಟವೆಲ್ ಹಾಕೀನಿ ಅಣ್ಣಾ. ಮೂರನೇ ಕೂಗು ಇನ್ನೂ ಆಗಿಲ್ಲ. ಹೈದರಾಬಾದಿಗಿ ಹೋಗ್ತೀನಿ. ಅಲ್ಲಿ ಕೆಟ್ಟದ್ದು ಅಂದ್ರ ನಾನ ಬಂದು ನಿನ್ನ ಕೈಯಾಗ ಗಂಟಲ ಕೊಡ್ತೀನಿ."

"ಇದೇನು ಬದನಿಕಾಯಿ ಅನ್ಕೊಂಡಿಯೇನಲೇ?" ಅಣ್ಣ ಎದ್ದು ನಿಂತ.

ಬಾಗಿಲ ಬಳಿ ಕೂತಿದ್ದ ಶರಣಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು: "ಬದನಿಕಾಯಿಗೇ ಇಷ್ಟು ಹಕ್ಕದ, ಭಾವಾರ. ಮನಷಾಗ ಇರಬಾರದೇನ್ರಿ?"

ಅತ್ತಿಗೆ ಒಳಗೆ ಹೋಗಿ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಅಣ್ಣ ನಗಲಿಲ್ಲ. ಆದರೆ ಕೂತ.

ಸುದ್ದಿ ಮಾರುಕಟ್ಟೆಗೂ ಹಬ್ಬಿತು. ಮಾತಾಡಿಸಲು ಜನ ಬರತೊಡಗಿದರು. ಬಾಳೆಹಣ್ಣು ತರುವರು, ಮೆತ್ತಗೆ ಚಪ್ಪಲಿ ಬಿಡುವರು, ಗೋಡೆಗೆ ಒರಗಿ ಕೂತು ನನ್ನ ಗಂಟಲನ್ನೇ ನೋಡುವರು. ಒಬ್ಬಾಕೆ ನೀರಮಾನ್ವಿಯ ಯಲ್ಲಮ್ಮನಿಗೆ ಹರಕೆ ಹೊರು ಎಂದಳು. ಇನ್ನೊಬ್ಬರು ತಮ್ಮ ಬೀಗರ ಪೈಕಿ ಒಬ್ಬರಿಗೆ ಹೀಗೇ ಆಗಿತ್ತೆಂದು ಶುರುಮಾಡಿ, ಮುಂದಿನದು ಹೇಳಬಾರದೆಂದು ನೆನಪಾಗಿ, ನೀರು ಕೇಳಿದರು. ಮೊದಮೊದಲು ನಾನು ತಲೆ ತಗ್ಗಿಸಿ ಕೂತಿದ್ದೆ. ಆಮೇಲೆ ಸಾಕಾಯಿತು. ಯಾರಾದರೂ ಬಾಗಿಲಿಗೆ ಬಂದರೆ ಅವರ ಕೈಯಲ್ಲಿದ್ದ ಬಾಳೆಹಣ್ಣನ್ನು ಒಳಗಿನಿಂದಲೇ ಹರಾಜು ಕೂಗತೊಡಗಿದೆ. ಓಣಿಗೆಲ್ಲ ಕೇಳುವ ಹಾಗೆ. ಅಳುಮೋರೆ ಹೊತ್ತು ಬಂದವರಿಗೆ ಅದನ್ನು ಇಟ್ಟುಕೊಳ್ಳಲಾಗುತ್ತಿರಲಿಲ್ಲ. ಕೆಲವರಿಗೆ ಬೇಸರವಾಯಿತೆಂದು ಕೇಳಿದೆ. ಆಗಲಿ.

ನಾನು ಕೂಗುವ ದಲಾಲಿ ಅಂಗಡಿಯ ಸಾಹುಕಾರರು ಒಳ್ಳೆಯವರೇ. ಒಂದು ಬೆಳಿಗ್ಗೆ ಕರೆದು, "ಸ್ವಲ್ಪ ದಿನ ಕೂಡು ಅಮರೇಶ, ಕೂಗೋದ್ರಿಂದ ಗಂಟು ಇನ್ನಷ್ಟು ಬೆಳೀತದ. ಬ್ಯಾರೆಯವರನ್ನ ನಿಲ್ಲಸ್ತೀನಿ" ಎಂದರು. ಕೂಗಿಗೂ ಗಂಟಿಗೂ ಸಂಬಂಧವಿಲ್ಲ ಎಂದು ಡಾಕ್ಟರನ್ನು ನಾನು ಮೊದಲೇ ಕೇಳಿ ತಿಳಿದಿದ್ದೆ. ಅದನ್ನು ಹೇಳಿದೆ. ಅವರಿಗೆ ನಂಬಿಕೆಯಾಗಲಿಲ್ಲ. ಮರುದಿನ ಅವರು ಯಾರನ್ನಾದರೂ ಕರೆತರುವ ಮೊದಲೇ ಹೋಗಿ ಕಟ್ಟೆ ಹತ್ತಿ ನಿಂತೆ.

ಹೈದರಾಬಾದಿಗೆ ಹೊರಡುವ ಹಿಂದಿನ ದಿನ ನನ್ನ ಅವ್ವ ಈರಮ್ಮ ದೇವದುರ್ಗದಿಂದ ಬಂದಳು. ಅವಳು ಅಲ್ಲಿ ನನ್ನ ತಂಗಿಯ ಹತ್ತಿರ ಇರುತ್ತಾಳೆ. ರಾಯಚೂರಿನ ಲ್ಯಾಬಿನವರು ನನ್ನ ಗಂಟಿನಿಂದ ತೆಗೆದದ್ದನ್ನು ಹಚ್ಚಿದ ಗಾಜಿನ ಪಟ್ಟಿಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಹೊಸ ಪರೀಕ್ಷೆಗೆ ಅದರಲ್ಲಿರುವ ಜೀವಕೋಶವೇ ಸಾಕಾಗಬಹುದು, ಮತ್ತೆ ಚುಚ್ಚುವುದು ಬೇಕಾಗಲಿಕ್ಕಿಲ್ಲ ಎಂದಿದ್ದರು. ಡಬ್ಬಿಯನ್ನು ನಾನು ಕಪಾಟಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಅದು ದೇವರ ಜಗಲಿಯ ಮೇಲಿತ್ತು. ಮೇಲೆ ಒಂದು ಸೇವಂತಿಗೆ ಹೂ ಇತ್ತು. ಹೂ ತೆಗೆದಿಟ್ಟು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆವು.

ಅಲ್ಲಿಯ ಆಸ್ಪತ್ರೆಯಲ್ಲಿ ಡಬ್ಬಿಯನ್ನು ಒಳಗೆ ಕೊಟ್ಟು ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ಒಬ್ಬ ಹೆಂಗಸು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಳು. ನಮ್ಮ ಮಾತು ಕೇಳಿಯೇ ತಿರುಗಿದಳು.

"ಯಾವೂರ್ರೀ ಅಣ್ಣಾರ?"

"ಹುಟ್ಟಿದ್ದು ದೇವದುರ್ಗ. ಈಗ ರಾಯಚೂರು."

"ನಂದು ಕವಿತಾಳ. ಹುಲಿಗೆಮ್ಮ ಅಂತಾರ. ಬಸ್ ಸ್ಟ್ಯಾಂಡ್ ಕಡಿ ಖಾನಾವಳಿ ಅದ ನಂದು. ನನ್ನ ರೊಟ್ಟಿ ತಿನ್ನದ ಕಂಡಕ್ಟರ್ ಆ ದಾರ್ಯಾಗಿಲ್ಲ." ನಮ್ಮಿಬ್ಬರ ಕೈಗೂ ರೊಟ್ಟಿ, ಶೇಂಗಾ ಚಟ್ನಿ ಬಂತು. ಬೇಡ ಎನ್ನಲು ಅವಳು ಬಿಡಲಿಲ್ಲ. "ನಿಮ್ಮ ಗಂಟಿಗೂ ಡಾಕ್ಟರು ಗೊತ್ತಿಲ್ಲ ಅಂದಾರೇನು?"

"ಹೂಂ ಅಕ್ಕಾರ. ಎರಡ ಸಲ."

"ನನಗ ಒಂದ ಸಲ. ಹಂಗಾದ್ರ ನೀವು ಸೀನಿಯರ್ ಬಿಡ್ರಿ."

ಎಷ್ಟೋ ದಿನದ ಮೇಲೆ ನಾನು ಅಂದು ನಕ್ಕೆ. ನಗು ನಿಲ್ಲುವ ಮೊದಲೇ ನನ್ನ ಹೆಸರು ಕರೆದರು.

ಒಳಗೆ ಡಾಕ್ಟರಮ್ಮನ ಮೇಜಿನ ಮೇಲೆ ನನ್ನ ಡಬ್ಬಿ ತೆರೆದಿತ್ತು. ಅವರು ತೆಲುಗಿನಲ್ಲಿ ಮಾತಾಡುವವರು. ನಮಗೆ ತಿಳಿಯುತ್ತದೆ, ಉತ್ತರ ಕೊಡುವಾಗ ಎರಡೂ ಕಲೆಯುತ್ತದೆ. ಅವರು ಒಂದು ಗಾಜನ್ನು ಬೆಳಕಿಗೆ ಹಿಡಿದು, ಇದೇನು ಎಂದು ಕೇಳಿದರು. ಗಾಜಿನ ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆ. ಇನ್ನೊಂದು ತೆಗೆದರು, ಅದರ ಮೇಲೂ ಮೂರು. ಡಬ್ಬಿಯಲ್ಲಿದ್ದ ಯಾವ ಗಾಜೂ ತಪ್ಪಿರಲಿಲ್ಲ.

ಶರಣಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯ, ಅತ್ತಿ."

ನಮ್ಮ ಮನೆಗೆ ಹೊಸದಾಗಿ ಏನು ಬಂದರೂ ಅವ್ವ ಮೊದಲು ಅದಕ್ಕೆ ವಿಭೂತಿ ಹಚ್ಚುತ್ತಾಳೆ. ಸೈಕಲ್ಲಿಗೆ, ಮಿಕ್ಸರಿಗೆ, ಸಿಲಿಂಡರಿಗೆ, ಮಕ್ಕಳ ಪುಸ್ತಕದ ಚೀಲಕ್ಕೆ. ಮಗನ ಗಂಟಲಿನಿಂದ ತೆಗೆದದ್ದು ಗಾಜಿನ ಮೇಲಿದೆ, ಅದರ ಮೇಲೆ ಮಗನ ಜೀವ ನಿಂತಿದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಅವಳು ಒಂದೊಂದೇ ಗಾಜನ್ನು ತೆಗೆದು, ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿನಿಂದ ಎಳೆದು, ಆರಿಸಿ, ಹಾಗೆಯೇ ಸಾಲಾಗಿ ಇಟ್ಟಿದ್ದಳು. ಮೇಲೆ ಇನ್ನೊಂದು ತೆಳು ಗಾಜು ಮುಚ್ಚಿದ್ದವಕ್ಕೆ ಏನೂ ಆಗಿರಲಿಲ್ಲ. ತೆರೆದವುಗಳ ಮೇಲಿನದು ಬೆರಳಿನ ಜೊತೆ ಹೋಗಿತ್ತು. ಉಳಿದದ್ದು ಸೂಕ್ಷ್ಮದರ್ಶಕದಲ್ಲಿ ನೋಡಲು ಸಾಕು, ಈ ಪರೀಕ್ಷೆಗೆ ಸಾಲದು ಎಂದರು ಡಾಕ್ಟರಮ್ಮ. ಮತ್ತೆ ಚುಚ್ಚಬೇಕು.

ನಾವು ತಲೆ ಎತ್ತಲಿಲ್ಲ. ಅವರು ಗಾಜನ್ನು ಕೆಳಗಿಟ್ಟು, ನಮ್ಮಮ್ಮನಾಗಿದ್ದರೆ ಕುಂಕುಮವನ್ನೂ ಇಡುತ್ತಿದ್ದಳು ಎಂದರು. ಅಂದೇ ಮೂರನೇ ಸಲ ಸೂಜಿ ಚುಚ್ಚಿಸಿಕೊಂಡೆ. ಈ ಸಲ ತೆಗೆದದ್ದು ಗಾಜಿಗೆ ಹೋಗಲಿಲ್ಲ, ನೇರವಾಗಿ ಒಂದು ಸಣ್ಣ ನಳಿಕೆಯ ದ್ರವಕ್ಕೆ ಹೋಯಿತು. ನನ್ನ ಹಿಂದೆ ಹುಲಿಗೆಮ್ಮ ಒಳಗೆ ಹೋದಳು.

ಸುದ್ದಿ ನಮಗಿಂತ ಮೊದಲು ಮಾನ್ವಿ ತಲುಪಿತ್ತು. ಅಣ್ಣ ಫೋನಿನಲ್ಲಿ ಅವ್ವನನ್ನು ಬೈದಿದ್ದ. ನಾನು ಅವನಿಗೆ ಫೋನ್ ಮಾಡಿ, "ಅಣ್ಣಾ, ನೀನು ನನಗ ಬೈ. ಆಕಿಗಿ ಒಂದ ಮಾತು ಅನಬ್ಯಾಡ. ತನಗ ಗೊತ್ತಿದ್ದ ಔಷಧ ಹಚ್ಯಾಳ ಆಕಿ" ಎಂದೆ. ಅವನು ಫೋನ್ ಇಟ್ಟ.

ಮನೆಗೆ ಬಂದಾಗ ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು.

"ಯಪ್ಪಾ, ನಾನ ಕೆಡಿಸಿದ್ನೇನು?"

"ಇಲ್ಲ ಯವ್ವಾ. ಇನ್ನೊಮ್ಮಿ ಚುಚ್ಚಿದ್ರು, ಅಷ್ಟ."

"ನೋವಾತೇನು?"

"ಸ್ವಲ್ಪ."

"ಹಂಗಾದ್ರ ಅದು ನನ್ನ ಕೈಯಿಂದ ಆದ ನೋವು" ಎಂದಳು. ಹತ್ತಿರ ಕೂತು, ಅವಳ ಕೈ ತೆಗೆದುಕೊಂಡು, ಗಂಟಿನ ಮೇಲೆ ಇಟ್ಟುಕೊಂಡು ನುಂಗಿದೆ. ಅದು ಜಾರಿದ್ದು ಅವಳ ಬೆರಳಿಗೆ ಗೊತ್ತಾಯಿತು. ಅಲ್ಲಿಯವರೆಗೆ ಅವಳು ಅದನ್ನು ಮುಟ್ಟಿರಲಿಲ್ಲ. "ಇಷ್ಟೇ ಏನು?" ಎಂದಳು.

ಫಲಿತಾಂಶ ಬರುವವರೆಗಿನ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಆ ದಿನಗಳಲ್ಲಿ ನಾನು ಧೈರ್ಯವಾಗಿದ್ದೆ ಎಂದು ಜನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಕಟ್ಟೆಯ ಮೇಲಿದ್ದಷ್ಟು ಹೊತ್ತು ಧೈರ್ಯವಾಗಿದ್ದೆ. ಕೆಳಗಿಳಿದರೆ ಆ ಧೈರ್ಯ ಇರುತ್ತಿರಲಿಲ್ಲ. ಚಹಾ ಕುಡಿಯುವಾಗ ನುಂಗುವುದನ್ನೇ ಲಕ್ಷ್ಯವಿಟ್ಟು ನುಂಗುತ್ತಿದ್ದೆ. ಮಹಿಬೂಬನಿಗೆ ಅದು ಗೊತ್ತಿತ್ತು. ಅವನು ಕೆಳಗಿನಿಂದ, "ಏನಣ್ಣ, ಇವತ್ತು ಸೌಂಡ್ ಕಮ್ಮಿ! ನಾಷ್ಟಾ ಆಗಿಲ್ಲೇನು?" ಎಂದು ಕೆಣಕುತ್ತಿದ್ದ. ನಾನು ಸಿಟ್ಟಿಗೆ ಇನ್ನೂ ಜೋರಾಗಿ ಕೂಗುತ್ತಿದ್ದೆ. ಅವನಿಗೆ ಬೇಕಾದದ್ದು ಅದೇ ಎಂದು ಆಮೇಲೆ ತಿಳಿಯಿತು.

ಫಲಿತಾಂಶದ ದಿನ ಅವ್ವ ತಾನೂ ಬರುತ್ತೇನೆ ಎಂದಳು. ರೈಲಿನಲ್ಲಿ, ಆಟೋದಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಇದ್ದಳು. ಏನನ್ನೂ ಮುಟ್ಟಬಾರದೆಂದು. ಹುಲಿಗೆಮ್ಮ ನಮಗಿಂತ ಮೊದಲೇ ಬಂದು ಅದೇ ಜಾಗದಲ್ಲಿ ಕೂತಿದ್ದಳು. ಅಂದು ಬುತ್ತಿ ಬಿಚ್ಚಲಿಲ್ಲ. ಯಾರು ಒಳ್ಳೆಯ ಸುದ್ದಿ ಪಡೆಯುತ್ತಾರೋ ಅವರು ಊಟ ಹಾಕಿಸಬೇಕು ಎಂದಳು.

ನನ್ನನ್ನು ಮೊದಲು ಕರೆದರು. ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಕೆಟ್ಟ ಗಂಟುಗಳಲ್ಲಿ ಕಾಣುವ ಬದಲಾವಣೆಗಳು ನನ್ನದರಲ್ಲಿ ಸಿಕ್ಕಿಲ್ಲ. ಬಹುಮಟ್ಟಿಗೆ ಇದು ನಿರುಪದ್ರವಿ ಗಂಟು. ಈಗ ಕತ್ತರಿಸುವ ಅಗತ್ಯ ಕಾಣುವುದಿಲ್ಲ. ಆದರೆ ಪೂರ್ತಿ ಖಾತ್ರಿ ಎಂದು ಅವರು ಬರೆದುಕೊಡುವುದಿಲ್ಲ. ವರ್ಷಕ್ಕೊಮ್ಮೆ ಸ್ಕ್ಯಾನ್ ಆಗಬೇಕು, ಬೆಳೆದರೆ, ರೂಪ ಬದಲಾದರೆ, ಮತ್ತೆ ಬರಬೇಕು. ಶರಣಮ್ಮ ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿದಳು. ಅವ್ವ ಡಾಕ್ಟರಮ್ಮನ ಮುಖವನ್ನಷ್ಟೇ ನೋಡುತ್ತಿದ್ದಳು, ತೆಲುಗು ಅವಳಿಗೆ ಬಾರದು. ಮುಖ ಓದಿ ಮುಗಿಸಿ, ಅಲ್ಲಿಯೇ ಗೋಡೆಗೆ ಒರಗಿದಳು.

ನಾವು ಹೊರಗೆ ಬರುವಾಗ ಹುಲಿಗೆಮ್ಮ ಒಳಗೆ ಹೋದಳು. ನಾವು ಹೊರಟುಹೋಗಬಹುದಿತ್ತು. ಹೋಗಲಿಲ್ಲ. ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಅವಳು ಹೊರಬಂದು ನನ್ನ ಮುಂದೆ ನಿಂತಳು.

"ನಂದು ಆ ಕಡಿ ಬಿತ್ತು, ಅಣ್ಣಾರ. ಪೂರಾ ತೆಗೀಬೇಕಂತ."

ಇಡೀ ಮಾರುಕಟ್ಟೆಗೆ ಕೇಳುವ ದನಿ ಉಳಿಸಿಕೊಂಡು ಹೊರಬಂದವನು ನಾನು, ಒಂದು ಶಬ್ದ ಬರಲಿಲ್ಲ. ಒಂದೇ ಬೆಂಚು, ಒಂದೇ ದಿನದ ಸೂಜಿ.

"ಮಕ ಯಾಕ ಹಂಗ ಮಾಡೀರಿ?" ಅವಳೇ ಗದರಿದಳು. "ಗೊತ್ತಾತಲ್ಲ? ಇಷ್ಟ ದಿನ ಯಾರ ಮ್ಯಾಲ ಸಿಟ್ಟು ಮಾಡ್ಬೇಕು ಅಂತನೇ ಗೊತ್ತಿದ್ದಿಲ್ಲ ನನಗ. ಈಗ ಗೊತ್ತದ. ತೆಗಸ್ತೀನಿ, ಗುಳಿಗಿ ನುಂಗ್ತೀನಿ, ರೊಟ್ಟಿ ಬಡೀತೀನಿ. ಗಂಟಲ ಹೋದ್ರೂ ಕೈ ಇರ್ತಾವಲ್ಲ."

ಆಗ ಅವ್ವ ಸೆರಗಿನೊಳಗಿನಿಂದ ಕೈ ಹೊರತೆಗೆದಳು. ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರಲ್ಲಿ ವಿಭೂತಿಯ ಚೂರಿತ್ತು. ಇಷ್ಟು ದೂರ ಕಟ್ಟಿಕೊಂಡು ಬಂದಿದ್ದಳು, ಯಾರಿಗೂ ಹೇಳಿರಲಿಲ್ಲ.

"ಹಚ್ಚಲೇನವ್ವಾ?" ಎಂದು ಹುಲಿಗೆಮ್ಮನನ್ನು ಕೇಳಿದಳು. "ಗಾಜಿಗಲ್ಲ. ಹಣಿಗಿ."

ನನ್ನ ಗಾಜುಗಳ ಕಥೆ ಹುಲಿಗೆಮ್ಮನಿಗೆ ಗೊತ್ತಿತ್ತು. ಅವಳು ತಲೆ ಬಾಗಿಸಿ ಹಣೆ ಕೊಟ್ಟಳು. "ಹಚ್ಚು ಯವ್ವಾ. ಇಲ್ಲಿ ಕೆಡೋದೇನೂ ಇಲ್ಲ." ಅವ್ವನ ಮೂರು ಬೆರಳು ಅವಳ ಹಣೆಯ ಈ ತುದಿಯಿಂದ ಆ ತುದಿಗೆ ಹೋದವು. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಂದು ಊಟ ನಾನೇ ಹಾಕಿಸಿದೆ. ಹುಲಿಗೆಮ್ಮ ಎಲ್ಲರಿಗಿಂತ ಚೆನ್ನಾಗಿ ಉಂಡಳು, ಅಲ್ಲಿಯ ಸಾಂಬಾರು ಸರಿಯಿಲ್ಲ ಎಂದು ಹೆಸರಿಟ್ಟಳು.

ಅವಳ ಆಪರೇಷನ್ ಆಯಿತು. ಆಮೇಲೆ ವಿಕಿರಣ ಇರುವ ಒಂದು ಔಷಧ ಕುಡಿಸಿ ಅವಳೊಬ್ಬಳನ್ನೇ ಒಂದು ಕೋಣೆಯಲ್ಲಿಟ್ಟರಂತೆ. ಯಾರೂ ಹತ್ತಿರ ಬರದ ಆ ದಿನಗಳೇ ಹೆಚ್ಚು ಕಷ್ಟವಾದವು ಎಂದಳು. ದನಿ ತಿಂಗಳುಗಟ್ಟಲೆ ಪಿಸುಮಾತಾಗಿತ್ತು. ಫೋನಿನಲ್ಲಿ ನಾನು ಕೇಳಿದರೆ ಅವಳು ತಟ್ಟೆ ಬಡಿದು ಉತ್ತರ ಕೊಡುತ್ತಿದ್ದಳು, ಒಂದು ಸಲ ಬಡಿದರೆ ಚೆನ್ನಾಗಿದ್ದೇನೆ ಎಂದು. ತೆಗೆಸಿಕೊಂಡವರು ಸೋತರು, ಉಳಿಸಿಕೊಂಡವರು ಗೆದ್ದರು ಎಂದು ಯಾರಾದರೂ ಇದನ್ನು ಓದಿ ತಿಳಿದರೆ, ನಾನು ಬರೆದದ್ದು ತಪ್ಪಾಯಿತು. ನಮ್ಮಿಬ್ಬರಿಗೂ ಬೇಕಾಗಿದ್ದದ್ದು ಒಂದೇ. ಏನೆಂದು ತಿಳಿಯುವ ಮೊದಲು ನಮ್ಮ ಗಂಟಲನ್ನು ಅಂಜಿಕೆಗೆ ಬಿಟ್ಟುಕೊಡಬಾರದು. ತಿಳಿದ ಮೇಲೆ ಅವಳು ಒಂದು ಗಳಿಗೆಯೂ ಹಿಂಜರಿಯಲಿಲ್ಲ.

ನನ್ನ ಗಂಟು ಅಲ್ಲಿಯೇ ಇದೆ. ವರ್ಷಕ್ಕೊಮ್ಮೆ ಸ್ಕ್ಯಾನ್ ಕೋಣೆಯಲ್ಲಿ ಅಂಗಾತ ಮಲಗಿದಾಗ, ಆ ತಣ್ಣನೆಯ ಅಂಟು ಕೊರಳಿಗೆ ಬಿದ್ದಾಗ, ಇನ್ನೂ ನನ್ನ ಅಂಗಾಲು ಬೆವರುತ್ತದೆ. ಇದುವರೆಗೆ ಬೆಳೆದಿಲ್ಲ. ಅಣ್ಣ ಈಗಲೂ ನನ್ನನ್ನು ಕಂಡರೆ ಮೊದಲು ಗಂಟಲು ನೋಡಿ ಆಮೇಲೆ ಮುಖ ನೋಡುತ್ತಾನೆ. "ನೂರಕ್ಕ ನೂರು ಅಂತ ಹೇಳಿಲ್ಲಲ್ಲಲೇ" ಎನ್ನುತ್ತಾನೆ. ಹೇಳಿಲ್ಲ. ಯಾರಿಗೂ ಯಾವುದಕ್ಕೂ ಹಾಗೆ ಹೇಳಿದ್ದನ್ನು ನಾನು ಕಂಡಿಲ್ಲ. ಸ್ಕ್ಯಾನಿನ ದಿನ ಮಾತ್ರ ಅವನು ಅಂಗಡಿ ಮುಚ್ಚಿ ಮಾನ್ವಿಯಿಂದ ಬಂದು ಆಸ್ಪತ್ರೆಯ ಹೊರಗೆ ನಿಲ್ಲುತ್ತಾನೆ. ಒಳಗೆ ಬಾ ಎಂದರೆ ಬರುವುದಿಲ್ಲ.

ಹೋದ ಸಲದ ಸ್ಕ್ಯಾನಿನ ದಿನದ ಒಂದು ಸಂಗತಿ ಹೇಳಿ ನಿಲ್ಲಿಸುತ್ತೇನೆ. ಆಸ್ಪತ್ರೆಗೆ ಹೋಗುವ ಮೊದಲು ನಾನು ಎಂದಿನಂತೆ ಕಟ್ಟೆಯ ಮೇಲಿದ್ದೆ. ಅಣ್ಣ ಬೇಗ ಬಂದವನು ಚಹಾದಂಗಡಿಯ ಬಳಿ ನಿಂತಿದ್ದ. ಶರಣಮ್ಮ ಮತ್ತು ಅವ್ವ ಗೇಟಿನ ಹತ್ತಿರ ಆಟೋದಲ್ಲಿ ಕಾಯುತ್ತಿದ್ದರು. ಕೊನೆಯ ರಾಶಿ ಬದನೆಕಾಯಿಯದು. ಬೆಲೆ ಏರಲಿಲ್ಲ. ಮೊದಲ ಕೂಗು ಕೂಗಿದೆ. ಎರಡನೆಯದು ಕೂಗಿದೆ. ರೈತನ ಕೈ ಟವೆಲ್ಲಿಗೆ ಹೋಯಿತು.

"ತಡಿಯೋ ಯಪ್ಪಾ!"

ಕಡೆಯ ಸಾಲಿನಿಂದ ಒಂದು ದನಿ ಬಂತು. ಒಣಗಿದ ಜೋಳದ ಸೊಪ್ಪೆಯ ಮೇಲೆ ಕಾಲಿಟ್ಟಂಥ ದನಿ. ಜನ ತಿರುಗಿ ನೋಡಿದರು. ಖಾನಾವಳಿಗೆ ತರಕಾರಿ ಕೊಳ್ಳಲು ಬಂದಿದ್ದ ಹುಲಿಗೆಮ್ಮ ಕೈ ಎತ್ತಿದ್ದಳು. ಕೊರಳ ಗಾಯದ ಗೆರೆಯನ್ನು ಮುಚ್ಚಿಕೊಂಡಿರಲಿಲ್ಲ. ಅವಳು ಬೆಲೆ ಏರಿಸಿದಳು. ನನ್ನಿಂದ ಅವಳ ಕಥೆ ಕೇಳಿದ್ದ ಮಹಿಬೂಬ್ ಅವಳನ್ನು ಗುರುತಿಸಿ, ಬೇಕೆಂದೇ ತಾನೂ ಒಂದು ಹೆಜ್ಜೆ ಏರಿಸಿದ. "ಲೇ ಸಾಬ, ನಿನ್ನ ಗಾಡಿ ತುಂಬೇ ಅದ, ಸುಮ್ಮನಿರು" ಎಂದು ಅವಳು ಆ ಹರುಕು ದನಿಯಲ್ಲೇ ಗದರಿ ಇನ್ನಷ್ಟು ಏರಿಸಿದಳು. ರೈತ ಟವೆಲ್ಲನ್ನು ಹೆಗಲ ಮೇಲೇ ಬಿಟ್ಟ.

ನಾನು ಮತ್ತೆ ಮೊದಲಿನಿಂದ ಕೂಗಿದೆ. ಒಂದು. ಎರಡು. ಮೂರನೆಯದನ್ನು ಹೊಟ್ಟೆಯಿಂದ ಎತ್ತಿ ಹಾಕಿದೆ. ಅದು ನನ್ನ ಗಂಟಿನ ಪಕ್ಕದಿಂದಲೇ ಹಾದು ಹೋಯಿತು, ಒಡೆಯಲಿಲ್ಲ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಕಟ್ಟೆಯ ಕೆಳಗಿದ್ದ ಮಹಿಬೂಬ್ ಇದ್ದಾನೆ. ಚಹಾದಂಗಡಿಯ ಬಳಿ ಮುಖ ಆಚೆ ತಿರುಗಿಸಿ ನಿಂತಿದ್ದ ನನ್ನ ಅಣ್ಣ ವೀರೇಶ ಇದ್ದಾನೆ. ಆಟೋದಿಂದ ಇಳಿದು ಬಂದಿದ್ದ ಶರಣಮ್ಮ ಇದ್ದಾಳೆ, ನನ್ನ ಅವ್ವ ಈರಮ್ಮ ಇದ್ದಾಳೆ. ಬದನೆಕಾಯಿ ಚೀಲವನ್ನು ತಾನೇ ತಲೆಯ ಮೇಲೆ ಹೊತ್ತು ಬಸ್ಸಿಗೆ ನಡೆದ ಕವಿತಾಳದ ಹುಲಿಗೆಮ್ಮ ಇದ್ದಾಳೆ.